ಸಭೆಗೊಬ್ಬಳು ರೋಗಿ

"ಆ ಯೂನಿಫಾರಂ ಕಳಚೇ ದರಿದ್ರದೋಳೇ! ರೋಗಿ ಥರ ಕಾಣ್ಬೇಕು ನೀನು, ಕಕ್ಕಸು ತೊಳಿಯೋಳ ಥರ ಅಲ್ಲ!" ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಗದರಿದ.

ಗುಡುಗಮ್ಮ ಬ್ರಷ್ಷನ್ನು ಬಕೆಟ್ಟಿಗೆ ಎಸೆದು ಸೊಂಟ ನೆಟ್ಟಗೆ ಮಾಡಿದಳು. "ಎರಡೂ ನಾನೇ ಅಲ್ವಾ ಸಾರ್? ಯಾವಳನ್ನ ಕಳಚ್ಲಿ?"

ಗುಡುಗಮ್ಮ ಎಂಬ ಹೆಸರು ಅವಳು ತಾನೇ ಇಟ್ಟುಕೊಂಡದ್ದು. ದೊಡ್ಡಕರುಳಿನ ಕ್ಯಾನ್ಸರ್ ಎಂದು ಇದೇ ಆಸ್ಪತ್ರೆಯಲ್ಲಿ ಕರುಳು ಕತ್ತರಿಸಿ, ಹೊಟ್ಟೆಗೆ ತೂತು ಮಾಡಿ, ಮಲಕ್ಕೊಂದು ಚೀಲ ಅಂಟಿಸಿದ್ದರು. ಚೀಲಕ್ಕೆ ಹೊತ್ತುಗೊತ್ತಿಲ್ಲ; ಮನಸ್ಸು ಬಂದಾಗ ಗುಡುಗುತ್ತದೆ. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಟ್ಟರೆ ಅಷ್ಟು ಉರಿಯುವುದಿಲ್ಲ ಎಂಬುದು ಅವಳ ನಂಬಿಕೆ. "ಇಷ್ಟು ದಿನ ಕಂಡೋರ ಹೇಲು ಬಳಿದೆ ಕಣ್ರೇ," ಎಂದು ಜೊತೆಯ ಹೆಂಗಸರಿಗೆ ಹೇಳುತ್ತಿದ್ದಳು. "ಈಗ ನಂದನ್ನೇ ಹೊತ್ಕೊಂಡು ತಿರುಗ್ತೀನಿ. ಬಡ್ತಿ ಅಂದ್ರೆ ಇದು!"

ಅವತ್ತು ಮಹಡಿಯ ಮೇಲೆ ದೊಡ್ಡ ಸಭೆ. ಈ ಕ್ಯಾನ್ಸರನ್ನು ತಡೆಯಲು, ಬಂದವರನ್ನು ನೋಡಿಕೊಳ್ಳಲು ಯಾವ ಸಂಶೋಧನೆ ಮೊದಲು ನಡೆಯಬೇಕು ಎಂದು ಡಾಕ್ಟರುಗಳು ತೀರ್ಮಾನಿಸಬೇಕಿತ್ತು. ಒಬ್ಬ ರೋಗಿಯೂ ಕೂತಿರಲೇಬೇಕು ಎಂಬುದು ಸಂಶೋಧನೆಗೆ ಹಣ ಕೊಡುವವರ ಷರತ್ತು. ಬರಬೇಕಿದ್ದ ನಿವೃತ್ತ ಸಾಹೇಬರೊಬ್ಬರು ಕೊನೆಗಳಿಗೆಯಲ್ಲಿ ಕೈಕೊಟ್ಟರು. ಆಗ ಯಾರಿಗೋ ಇವಳ ನೆನಪಾಯಿತು.

ನರ್ಸಮ್ಮ ತನ್ನ ಶಾಲು ಹೊದಿಸಿದಳು. "ಬಾಯಿ ಬಿಡ್ಬೇಡ. ಕೈ ಎತ್ತು ಅಂದಾಗ ಎತ್ತು," ಎಂದು ಸೂಪರ್‌ವೈಸರ್ ಒಳಗೆ ತಳ್ಳಿದ.

ಮೇಜಿನ ಮೂಲೆಯಲ್ಲಿ ಕೂರಿಸಿದರು. ಪಕ್ಕದ ಡಾಕ್ಟರು ಕುರ್ಚಿಯನ್ನು ಮೆಲ್ಲಗೆ ಆಚೆ ಸರಿಸಿಕೊಂಡರು. ಕಾಲು ಚಾಚೋಕೆ ಜಾಗ ಆಯ್ತು ಬಿಡು ಎಂದುಕೊಂಡಳು. ಆದರೆ ಅಧ್ಯಕ್ಷರ ಮುಖ ಕಂಡದ್ದೇ ಚಾಚಿದ ಕಾಲನ್ನು ಒಳಗೆಳೆದುಕೊಂಡಳು.

ಮಲದಲ್ಲಿ ರಕ್ತ ಹೋಗುತ್ತಿದೆ ಎಂದು ಅವಳು ಮೊದಲು ಅಳುಕುತ್ತ ಹೇಳಿಕೊಂಡದ್ದು ಇವರ ಹತ್ತಿರವೇ. ಇವರು ಮಲಗಿಸಿ ನೋಡಿರಲಿಲ್ಲ. ವರಾಂಡದಲ್ಲಿ ಮೂಗಿಗೆ ಕರವಸ್ತ್ರ ಹಿಡಿದು, "ಮೂಲವ್ಯಾಧಿ. ಖಾರ ಬಿಡು," ಎಂದು ನಡೆದುಬಿಟ್ಟಿದ್ದರು. ಅವಳು ವರ್ಷವಿಡೀ ಸಪ್ಪೆ ಉಂಡಳು. ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಜಾಣೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಅಷ್ಟರಲ್ಲಿ ಗಡ್ಡೆ ಕರುಳನ್ನೇ ಮುಚ್ಚಿತ್ತು.

ಸಭೆಯಲ್ಲಿ ಒಬ್ಬರು ವಂಶವಾಹಿ ಎಂದರು, ಇನ್ನೊಬ್ಬರು ಕರುಳಿನ ಸೂಕ್ಷ್ಮಜೀವಿ ಎಂದರು. ಅಧ್ಯಕ್ಷರಿಗೆ ಗಡ್ಡೆ ಪತ್ತೆಹಚ್ಚುವ ಕಂಪ್ಯೂಟರ್ ಬೇಕಿತ್ತು. ಅದಕ್ಕೆ ಕೈಗಳು ಎದ್ದವು. ಬಾಗಿಲ ಬಳಿಯಿಂದ ಸೂಪರ್‌ವೈಸರ್ ಸನ್ನೆ ಮಾಡಿದ. ಅವಳ ಕೈ ಏಳಲಿಲ್ಲ.

"ಯಾಕಮ್ಮಾ? ನಿಮಗೇನು ಬೇಕು, ಹೇಳಿ," ಅಧ್ಯಕ್ಷರು ಮುಗುಳ್ನಕ್ಕರು.

ಅಷ್ಟೊತ್ತಿಗೇ ಚೀಲ ಗುಡುಗಬೇಕೇ! ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಅವಳು ಶಾಲಿನ ಮೇಲಿಂದ ಚೀಲ ತಟ್ಟಿದಳು.

"ನಾನಲ್ಲ ಸಾರ್, ಇವನು. ಸಭೆ ಮರ್ಯಾದೆ ಗೊತ್ತಿಲ್ಲ ಇವನಿಗೆ." ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ಮುಖದ ಮೇಲಿರುವಾಗಲೇ ಹೇಳಿದಳು: "ಕೆಲವು ಡಾಕ್ಟ್ರಿಗೆ ನಮ್ಮಂಥೋರನ್ನ ಮುಟ್ಟಿ ನೋಡೋಕಾಗಲ್ಲ. ಅದ್ಯಾವ ರೋಗ ಸಾರ್? ಮೊದ್ಲು ಅದಕ್ಕೆ ಔಷಧಿ ಕಂಡ್ಹಿಡೀರಿ. ಕರವಸ್ತ್ರ ಹಿಡ್ಕೊಂಡು ಮೂಲವ್ಯಾಧಿ ಅಂದೋರು ನೀವೇ ಅಲ್ವಾ?"

ನಗು ಕಡಿದಂತೆ ನಿಂತಿತು. ಅಧ್ಯಕ್ಷರು ಚಹಾಕ್ಕೆ ಕೈ ಚಾಚಿದರು. ಕಪ್ಪು ಮಗುಚಿ ಚಹಾ ಮೇಜಿನ ಮೇಲೆಲ್ಲ ಹರಿಯಿತು. ಅಷ್ಟೂ ಕಣ್ಣುಗಳು ರೂಢಿಯಂತೆ ಅವಳತ್ತ ತಿರುಗಿದವು.

"ಮಿಕಮಿಕ ನೋಡ್ತೀಯಲ್ಲೇ ಮುಂಡೆ! ಎದ್ದು ಒರೆಸು!" ಸೂಪರ್‌ವೈಸರ್ ಹಲ್ಲು ಕಡಿದ.

ಅವಳ ಕಾಲುಗಳು ಆಗಲೇ ಅರ್ಧ ಎದ್ದಿದ್ದವು. ಥೂ, ಮಾನಗೆಟ್ಟ ಕಾಲುಗಳಾ ಎಂದು ತನ್ನನ್ನೇ ಬೈದುಕೊಂಡು, ತೊಡೆ ಒತ್ತಿ ಹಿಡಿದು ಮತ್ತೆ ಕೂತಳು.

"ರೋಗಿ ಕೈಲಿ ಯಾರಾದ್ರೂ ಮೇಜು ಒರೆಸಿಸ್ತಾರೇನಪ್ಪಾ?"

ಚಹಾ ಮೇಜಿನಂಚಿನಿಂದ ಅಧ್ಯಕ್ಷರ ಬೂಟಿನ ಮೇಲೆ ತೊಟ್ಟಿಕ್ಕತೊಡಗಿತು. ಯಾರೂ ಏಳಲಿಲ್ಲ. ಗುಡುಗಮ್ಮ ಕುರ್ಚಿಯನ್ನು ಮೇಜಿಗೆ ಇನ್ನೂ ಹತ್ತಿರ ಎಳೆದುಕೊಂಡಳು.