ಕೈ ಎತ್ತಿದರೂ

ಔರಾದ ಬಂದರೂ ಶಿವಕಾಂತಮ್ಮ ಸೀಟಿನಿಂದ ಏಳಲಿಲ್ಲ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಕಂಡಕ್ಟರ್ ಬಾಗಿಲಲ್ಲೇ ನಿಂತು, ಸೀಟಿ ಊದದೆ, ಅವಳ ಕಡೆ ನೋಡಿದ.

"ಇಳಿಯಂಗಿಲ್ಲೇನ್ರಿ?"

"ಇಲ್ರಿ. ಕಮಲಾಪುರಕ್ಕ ಹೊಂಟೀನಿ. ಟಿಕೇಟ್ ತಗೊಂಡೀನಲ್ಲ."

"ತಗೊಂಡೀರಿ ಖರೆ," ಎಂದು ಅವನು ಇನ್ನೂ ಒಂದು ಗಳಿಗೆ ಕಾದು ಸೀಟಿ ಊದಿದ.

ಕೆಲವು ವಾರಗಳಿಂದ ಅವಳು ಕಲಬುರಗಿಯ ಗಾಜಿಪುರದ ಮನೆ ಬಿಟ್ಟು ಬಸ್ಸು ಹತ್ತಿ, ಮೊದಲು ಊರ ಹೊರಗಿನ ಸ್ಟಾಪಿನವರೆಗೆ, ಆಮೇಲೆ ಉಪಳಾಂವದವರೆಗೆ, ಆಮೇಲೆ ಔರಾದದವರೆಗೆ ಬಂದು ಇಳಿಯುತ್ತಿದ್ದಳು. ಇಳಿದು ರಸ್ತೆ ದಾಟಿ, ಕಲಬುರಗಿಗೆ ಮರಳುವ ಬಸ್ಸಿಗೆ ಕೈ ಮಾಡುತ್ತಿದ್ದಳು. ಕೆಲಸವಿಲ್ಲದ ಹೆಂಗಸು ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪಲ್ಲ. ಅದು ಡಾಕ್ಟರ್ ನೂರಜಹಾನ್ ಕೊಟ್ಟ ಔಷಧ.

ಎಲ್ಲ ಶುರುವಾದದ್ದು ಕುರಿಕೋಟಾ ಸೇತುವೆಯ ಮೇಲೆ. ಮುಂದೆ ಲಾರಿ ಕೆಟ್ಟು, ತುಂಬಿದ ಬಸ್ಸು ಹೊಳೆಯ ನಡುವೆ ನಿಂತುಬಿಟ್ಟಿತ್ತು. ಇದ್ದಕ್ಕಿದ್ದಂತೆ ಅವಳ ಬೆರಳುಗಳು ಜೋಮು ಹಿಡಿದವು, ಎದೆ ಬಡಿತ ಕಿವಿಯಲ್ಲಿ ಕೇಳತೊಡಗಿತು. ಸಾಯುತ್ತಿದ್ದೇನೆ ಎಂದು ಮಂದಿಯನ್ನು ತಳ್ಳಿಕೊಂಡು ಇಳಿದು ಓಡಿದ್ದಳು. ಅಂದಿನಿಂದ ಬಸ್ಸು ಬೇಡವಾಯಿತು. ಗಂಡ ದತ್ತಪ್ಪನ ಸೈಕಲ್ ಮೋಟಾರಿನ ಮೇಲೆ ಹೊರಟರೂ ಸೇತುವೆ ಕಾಣುವ ಮೊದಲೇ ಅವನ ಅಂಗಿ ಜಗ್ಗಿ ತಿರುಗಿಸುತ್ತಿದ್ದಳು.

ಸೇತುವೆಯ ಆಚೆ, ಕಮಲಾಪುರದಲ್ಲಿ, ಅಕ್ಕ ಇದ್ದಳು. ತಾಯಿ ಸತ್ತ ಮೇಲೆ ತಲೆ ಬಾಚಿ, ಹೆರಳು ಹಾಕಿ, ತನ್ನ ತಾಟಿನಲ್ಲೇ ಉಣ್ಣಿಸಿ ಬೆಳೆಸಿದ ಭೀಮಬಾಯಿ. ಆ ಅಕ್ಕನ ಮಗಳ ಮದುವೆಗೇ ಶಿವಕಾಂತಮ್ಮ ಹೋಗಲಿಲ್ಲ. ಬಿಪಿ ಆಗಿದೆ ಎಂದು ದತ್ತಪ್ಪ ಸುಳ್ಳು ಹೇಳಿ ಬಂದಿದ್ದ. "ಕಲಬುರಗಿ ಸೇರಿದಾಕಿಗಿ ನಮ್ಮ ಮನಿ ಹೊಚ್ಚಲ ತಗ್ಗಾಗ್ಯದ ಬಿಡು," ಅಂದಳಂತೆ ಅಕ್ಕ. ಆಮೇಲೆ ಅವಳೂ ಇತ್ತ ಬರುವುದನ್ನು ಬಿಟ್ಟಳು. ಸಂಜೆ ಒಲೆ ಹಚ್ಚುವಾಗ ಶಿವಕಾಂತಮ್ಮನಿಗೆ ಅಕ್ಕನ ಸೆರಗಿನ ಹೊಗೆ ವಾಸನೆ ನೆನಪಾಗಿ, ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಇವತ್ತು ಆ ಮಗಳ ಕುಬಸ, ಚೊಚ್ಚಲ ಬಸುರಿಗೆ ಬಳೆ ಇಡಿಸುವ ದಿನ. ಇದಕ್ಕೂ ಹೋಗದಿದ್ದರೆ ಮುಂದೆ ಯಾವ ಮುಖ ಹೊತ್ತು ಹೋಗುವುದು?

"ಬಸ್ಸಿನ್ಯಾಗ ಏನಾಗ್ತದ ಅಂತ ಅಂಜಿಕಿ?" ಎಂದು ಡಾಕ್ಟರ್ ಮೊದಲ ದಿನವೇ ಕೇಳಿದ್ದರು.

"ಎದಿ ಒಡದು ಸಾಯ್ತೀನಿ ಅನಸ್ತದ್ರಿ."

"ಎಷ್ಟಾಣೆ ಖರೆ ಅನಸ್ತದ?"

"ಹದಿನಾರಾಣೆ."

"ಇಳಿದ ಮ್ಯಾಲ?"

"ಆರಾಮ ಆಗ್ತದ್ರಿ."

"ತಕರಾರು ಅಲ್ಲೇ ಅದ. ಇಳಿದಿದ್ದಕ್ಕ ಉಳದೆ ಅಂತ ನಿಮ್ಮ ಮನಸ್ಸು ತಿಳಕೊಂಡದ. ಇಳೀದಿದ್ರೂ ಉಳೀತಿದ್ರಿ ಅಂಬೋದು ಅದಕ್ಕ ಗೊತ್ತೇ ಇಲ್ಲ. ಅಂಜಿಕಿ ಏರ್ತದ, ನಿಲ್ತದ, ಆಮ್ಯಾಲ ತಾನೇ ಇಳೀತದ. ಅದು ಇಳಿಯೋತನಾ ನೀವು ಇಳೀಬ್ಯಾಡ್ರಿ." ಬಾಗಿಲವರೆಗೆ ಬಂದು ಮತ್ತೊಂದು ಮಾತು ಹೇಳಿದ್ದರು: "ಮತ್ತ ನಿಮ್ಮ ಮನಿಯವರನ್ನ ಜೋಡಿ ಕರಕೊಂಡು ಹೋಗಬ್ಯಾಡ್ರಿ. ಅವರಿದ್ರ, ಅವರೇ ಉಳಿಸಿದ್ರು ಅನಸ್ತದ."

ಔರಾದ ದಾಟಿದ ಮೇಲೆ ಕಂಡಕ್ಟರ್ ಅವಳ ಸೀಟಿನ ಬಳಿ ಬಂದು ಬಾಗಿದ. "ವೈನಿ, ನೀರು ಬೇಕೇನ್ರಿ?"

"ವೈನಿ? ನಾ ಯಾರು ಅಂತ ನಿಮಗ ಹ್ಯಾಂಗ ಗೊತ್ತು?"

"ನಮ್ಮ ದತ್ತಣ್ಣನ ಮನಿಯಾಕಿ ಗೊತ್ತಿಲ್ಲೇನ್ರಿ? ಡಿಪೋದಾಗ ನಮ್ಮ ಗಾಡಿ ರಿಪೇರಿ ಮಾಡಾವ ಅವನೇ. ನನ್ನ ಹೆಸರು ಸೂಗಪ್ಪ." ಅವನ ಮುಖ ಅರಳಿತ್ತು. "ಈ ರೂಟಿನ ಎಲ್ಲಾರಿಗೂ ಹೇಳಿಟ್ಟಾನ. ನೀವು ಕೈ ಎತ್ತಿದ್ರ ಸಾಕು, ಎಲ್ಲಿ ಬೇಕಲ್ಲಿ ಗಾಡಿ ನಿಂದರಸ್ತೀವಿ. ಏನೂ ಕಾಳಜಿ ಮಾಡಬ್ಯಾಡ್ರಿ."

ಹಾಗಾದರೆ ಶಿವಕಾಂತಮ್ಮ ಇಷ್ಟು ದಿನ ಒಬ್ಬಳೇ ಹೋಗಿರಲೇ ಇಲ್ಲ. ಉಪಳಾಂವಕ್ಕೆ ಒಬ್ಬಳೇ ಹೋಗಿ ಬಂದ ದಿನ ಶಿರಾ ಮಾಡಿದ್ದಳು. ದತ್ತಪ್ಪ ಎರಡೆರಡು ಸಲ ಹಾಕಿಸಿಕೊಂಡು ತಿಂದು, ಗಟ್ಟಿಗಿತ್ತಿ ಅಂದಿದ್ದ. ಗೊತ್ತಿದ್ದೂ ಅಂದಿದ್ದ. ಅವನ ಮೇಲೆ ಸಿಟ್ಟು ಬಂತು. ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಅವನು ಒಬ್ಬೊಬ್ಬ ಕಂಡಕ್ಟರನ ಹತ್ತಿರ ಹೋಗಿ ಕೇಳಿಕೊಂಡದ್ದು ಕಣ್ಣಿಗೆ ಕಟ್ಟಿ ಸಿಟ್ಟು ಪೂರ್ತಿಯಾಗಿ ನಿಲ್ಲಲೂ ಇಲ್ಲ. ಆದರೆ ಹೀಗೆಯೇ ಅಕ್ಕನ ಮನೆ ಮುಟ್ಟಿದರೆ, ಮತ್ತೆ ಹೋಗಬೇಕಾದಾಗ ಯಾವ ಬಸ್ಸು, ಯಾವ ಸೂಗಪ್ಪ?

"ಅಣ್ಣಾರೆ, ಒಂದು ಮಾತು. ನಾ ಕೈ ಎತ್ತಿದ್ರೂ ನಿಂದರಸಬ್ಯಾಡ್ರಿ."

"ಆಂ?"

"ಅತ್ತರೂ ನಿಂದರಸಬ್ಯಾಡ್ರಿ."

"ಏ, ಅದೆಂಥಾ ಮಾತ್ರಿ ವೈನಿ. ನಿಮಗೇನರ ಆದ್ರ ದತ್ತಣ್ಣ ನನ್ನ ಬ್ರೇಕ್ ತಗದು ಕಳಸ್ತಾನ."

"ಅವರಿಗಿ ನಾ ಹೇಳ್ತೀನಿ. ನೀವು ಮಾತ್ರ ಮಾತು ಕೊಡ್ರಿ."

ಮುಂದಿನಿಂದ ಡ್ರೈವರ್ ಕೂಗಿದ: "ಏನೋ ಸೂಗ್ಯಾ, ಅಲ್ಲೇ ಸಂಸಾರ ಹೂಡಿದೇನು?"

ಸೂಗಪ್ಪ ಅವಳನ್ನೊಮ್ಮೆ ನೋಡಿ, ಆಗಲೆಂದು ತಲೆಯಾಡಿಸಿ ಹಿಂದಕ್ಕೆ ಸರಿದ.

ಕುರಿಕೋಟಾ ಬಂತು. ರಸ್ತೆ ಇಳಿಜಾರಾಗಿ ಸೇತುವೆ ಕಟ್ಟೆಯ ಕಲ್ಲುಗಳು ಕಂಡವು. ಬಸ್ಸು ನಿಧಾನವಾಯಿತು, ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಬೆರಳು ಜೋಮು ಹಿಡಿದವು. ಉಸಿರು ಗಂಟಲಲ್ಲೇ ತಿರುಗಿತು. ಏರ್ತದ, ನಿಲ್ತದ, ಇಳೀತದ, ಎಂದುಕೊಂಡಳು. ಮಾತು ಮಾತಿನಷ್ಟಕ್ಕೆ ಇತ್ತು, ಎದೆ ಎದೆಯಷ್ಟಕ್ಕೆ. ಕೆಳಗೆ ನೀರು ಕಂಡದ್ದೇ ಅವಳ ಬಲಗೈ ತಾನಾಗಿ ಮೇಲೆದ್ದಿತು.

ಸೂಗಪ್ಪ ನೋಡಿದ. ಸೀಟಿ ಅವನ ತುಟಿಗೆ ಹೋಯಿತು. ಇಬ್ಬರ ಕಣ್ಣೂ ಕೂಡಿದವು. ಅವನು ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಬೆನ್ನು ತಿರುಗಿಸಿ, "ಹುಮನಾಬಾದ ಯಾರ್ರಿ, ಹುಮನಾಬಾದ?" ಎಂದು ಆಗಲೇ ಟಿಕೇಟ್ ಪಡೆದವರನ್ನೇ ಮತ್ತೆ ಕೇಳತೊಡಗಿದ.

ಅವಳ ಕೈ ಇನ್ನೂ ಮೇಲೇ ಇತ್ತು. ಕೂಗಿದ್ದರೆ ಡ್ರೈವರನಿಗೆ ಕೇಳುತ್ತಿತ್ತು. ಅವಳು ಕೂಗಲಿಲ್ಲ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ ರವಿಕೆ ಬೆವರಿಗೆ ಬೆನ್ನಿಗಂಟಿತ್ತು, ಕೈ ತೊಡೆಯ ಮೇಲಿತ್ತು. ಅದು ಯಾವಾಗ ಇಳಿಯಿತು ಎಂದು ಅವಳಿಗೆ ನೆನಪಿರಲಿಲ್ಲ. ಎದೆ ಬಡಿತ ಕಿವಿಯಿಂದ ಎದೆಗೆ ಮರಳಿತ್ತು.

ಕಮಲಾಪುರದಲ್ಲಿ ಅಕ್ಕನ ಅಂಗಳ ತುಂಬ ಹೆಂಗಸರು. ಚಾಪೆಯ ಮೇಲೆ ಬಳೆಗಾರ್ತಿ ಮಸ್ತಾನಬಿ ಬಳೆಯ ಮಲಾರ ಬಿಚ್ಚಿಕೊಂಡು, ಹುಡುಗಿಯ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಭೀಮಬಾಯಿ ತಲೆ ಎತ್ತಿದಳು. ಅವಳ ಕೂದಲು ಇಷ್ಟು ಬೆಳ್ಳಗಾದದ್ದು ತಂಗಿಗೆ ಗೊತ್ತಿರಲಿಲ್ಲ.

"ದತ್ತಪ್ಪ ಎಲ್ಲಿ?"

"ನಾ ಒಬ್ಬಾಕಿನೇ ಬಂದೀನಿ ಅಕ್ಕಾ."

"ಬಿಪಿ ಇಳೀತೇನು?"

ಹೆಂಗಸರಲ್ಲಿ ಯಾರೋ ನಕ್ಕರು. ಶಿವಕಾಂತಮ್ಮ ಚಪ್ಪಲಿ ಬಿಟ್ಟು ಚಾಪೆಯ ಅಂಚಿಗೆ ಬಂದು ನಿಂತಳು. ಭೀಮಬಾಯಿ ಅವಳ ಮುಖವನ್ನೇ ನೋಡಿದಳು, ಒದ್ದೆ ರವಿಕೆ ನೋಡಿದಳು. ಆಮೇಲೆ ಚಾಪೆಯ ಮೇಲೆ ಚೂರು ಸರಿದು ಕೂತಳು.

ಹುಡುಗಿಯ ಕೈ ತುಂಬಿದ ಮೇಲೆ ಭೀಮಬಾಯಿ ತಂಗಿಯ ಮೊಣಕೈ ಹಿಡಿದು ಬಳೆಗಾರ್ತಿಯ ಕಡೆ ಚಾಚಿದಳು. ಮಸ್ತಾನಬಿ ಆ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಮೆಲ್ಲಗೆ ಮಿದಿದಳು.

"ಎಷ್ಟು ತಣ್ಣಗದಾವ ಬೆರಳು. ಸಡ್ಲ ಬಿಡು ಬೇಟಿ, ಸಡ್ಲ ಬಿಡು."

ಮೊದಲನೆಯ ಬಳೆ ಗೆಣ್ಣಿನ ಹತ್ತಿರ ನಿಂತಿತು, ಆಮೇಲೆ ಜಾರಿ ಮಣಿಕಟ್ಟಿಗೆ ಬಂತು. ಭೀಮಬಾಯಿ ಮೊಣಕೈ ಬಿಟ್ಟಿರಲಿಲ್ಲ.