ನೂರಕ್ಕೊಂದು ಪಾಲು ತಪ್ಪು

"ಹೀಗೆ ಎಮ್ಮೆ ಥರ ಸುಮ್ನಿದ್ರೆ ಲಾಯರ್ ಮುಂದೆ ನಡಿಯಲ್ಲ. ಇನ್ನೊಂದ್ಸಲ ಹೇಳು. ನಿನ್ನ ತಮ್ಮ ಏನ್ ಮಾಡ್ದ?"

ಬಾತ್‌ಟಬ್ಬಿನೊಳಗೆ ಮಂಡಿಯೂರಿ ಉಜ್ಜುತ್ತಿದ್ದ ಚನ್ನಮ್ಮ ತಲೆ ಎತ್ತಲಿಲ್ಲ. "ರೋಡ್ ನಡುವೆ ಸೈಕಲ್ ಇಳ್ದ, ಅವ್ವಾರೆ."

"ಯಾರಾದ್ರೂ ಇಳಿ ಅಂದ್ರಾ?"

ಬ್ರಶ್ಶು ನಿಂತಿತು.

"ಇಲ್ಲ ಅನ್ನು," ಎಂದರು ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಹೆಂಡತಿ ರಾಜಲಕ್ಷ್ಮಮ್ಮ. "ಅವನಾಗೇ ಇಳಿದ, ಅಷ್ಟೆ. ಈ ವರ್ಜೀನಿಯಾದ ಕಾನೂನೇ ಹಾಗಿದೆ. ಸತ್ತವನದು ನೂರಕ್ಕೊಂದು ಪಾಲು ತಪ್ಪಿದ್ರೂ ಅವನ ಕಡೆಯವರ ಕೇಸು ನಿಲ್ಲಲ್ಲ. ಡಾಕ್ಟರಿಗೆ ಎಪ್ಪತ್ತೆಂಟು. ಈ ವಯಸ್ಸಲ್ಲಿ ಅವರ ಹೆಸರು ಕೆಡಿಸ್ತೀಯಾ? ನಿನ್ನ ಪಾಸ್‌ಪೋರ್ಟು, ಪೇಪರ್ಸು ಎಲ್ಲಾ ನಮ್ಮ ಬೀರುವಿನಲ್ಲೇ ಇದೆ, ಜ್ಞಾಪಕ ಇರ್ಲಿ."

ಅವರು ಹೋದರು. ಚನ್ನಮ್ಮ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನ ಒಳಗಿಂದ ಆ ಇನ್ನೊಂದು ಸದ್ದು ಬಂತು. ನೆಲಕ್ಕೆ ತಾಗದ ಚಕ್ರ ತನ್ನ ಪಾಡಿಗೆ ತಾನು ತಿರುಗುವ ಟಿಕ್ ಟಿಕ್ ಟಿಕ್.

ಸತ್ತ ತಮ್ಮ ಸಿದ್ದರಾಜು ಬಂದಿದ್ದ. ವಾಷಿಂಗ್ ಮಷೀನಿನ ಪಕ್ಕ ಸೈಕಲ್ ಹಿಡಿದು ನಿಂತಿದ್ದ. ದಿನಾ ಹೀಗೇ. ಬೈಯುವುದಿಲ್ಲ, ಅಳುವುದಿಲ್ಲ. ಯಾರೋ ಹೋಗು ಅನ್ನಲಿ ಎಂದು ಕಾಯುವವನ ಹಾಗೆ ನಿಲ್ಲುತ್ತಾನೆ.

"ಹತ್ಕೊಂಡು ಹೋಗ್ಲಾ," ಎಂದಳು ಅಕ್ಕ, ಪಿಸುದನಿಯಲ್ಲಿ. ಅವನು ಹತ್ತಲಿಲ್ಲ.

ಟಿ. ನರಸೀಪುರದ ಆಚೆಯ ಊರಿನಲ್ಲಿ ಡಾಕ್ಟರ್ ತ್ಯಾಗರಾಜರ ಅಪ್ಪನ ಗದ್ದೆ, ಆ ಗದ್ದೆಯಲ್ಲಿ ಚನ್ನಮ್ಮನ ಅಪ್ಪನ ಜೀತ. ಒಡೆಯರ ಬೀದಿ ಬಂದರೆ ಅವಳಪ್ಪ ಸೈಕಲ್ ಇಳಿದು, ಚಪ್ಪಲಿ ಕೈಗೆ ತೆಗೆದುಕೊಂಡು ತಳ್ಳಿಕೊಂಡು ಹೋಗುತ್ತಿದ್ದ. ಗಂಡ ಸತ್ತ ಮೇಲೆ ಚನ್ನಮ್ಮನನ್ನು ಡಾಕ್ಟರು ಅಮೆರಿಕಾದಲ್ಲಿ ತಾವಿದ್ದ ಹರ್ನ್‌ಡನ್ನಿನ ಮನೆಗೆ ಕರೆಸಿಕೊಂಡರು. ಬಟ್ಟೆ, ಕಸ, ಬಚ್ಚಲು ಅವಳದು. ಒಲೆಯ ಹತ್ತಿರ ಬರುವಂತಿಲ್ಲ. ಆಮೇಲೆ ತಮ್ಮನೂ ಬಂದ, ಡಾಕ್ಟರ ಪಾಲಿದ್ದ ಹೋಟೆಲಿನಲ್ಲಿ ಪಾತ್ರೆ ಉಜ್ಜಲು. ಎಲ್ಲರೂ ಕಾರಿನಲ್ಲಿ ತಿರುಗುವ ಈ ಊರಿನಲ್ಲಿ ಅವನೊಂದು ಹಳೆಯ ಸೈಕಲ್ ಸಂಪಾದಿಸಿದ.

ಹೋದ ವರ್ಷದ ಗೌರಿ ಹಬ್ಬದಲ್ಲಿ ಅಕ್ಕನನ್ನು ನೋಡಲು ಬಂದವನು ಗ್ಯಾರೇಜಿನ ಮುಂದೆ ಒಂದು ಕಾಲು ಊರಿಕೊಂಡು ಡಾಕ್ಟರಿಗೆ ನಮಸ್ಕಾರ ಅಂದ.

"ಏನೋ, ಅಮೆರಿಕಾಗೆ ಬಂದ ತಕ್ಷಣ ನನ್ನೆದುರಿಗೆ ಸೀಟಿನ ಮೇಲೆ ಕೂತೇ ಮಾತಾಡೋ ಅಷ್ಟಾಯ್ತಾ? ಇಳಿಯೋ, ಬೋಳಿಮಗನೆ."

ಸಿದ್ದರಾಜು ನಗುತ್ತಲೇ ಇಳಿದ. ಅವನ ಕಿವಿ ಮಾತ್ರ ಕೆಂಪಾಗಿತ್ತು. ಅವತ್ತು ಚನ್ನಮ್ಮ ಬೈದದ್ದು ತಮ್ಮನನ್ನೇ: "ದೊಡ್ಡೋರ ಮುಂದೆ ಇಳುದ್ರೆ ನಿನ್ ಗಂಟೇನ್ಲಾ ಹೋದದು?"

ಅದೇ ವರ್ಷದ ನವೆಂಬರಿನ ಒಂದು ಮಧ್ಯಾಹ್ನ ಇಬ್ಬರೂ ತರಕಾರಿ ತೆಗೆದುಕೊಂಡು ಬರುತ್ತಿದ್ದರು. ಸಿಗ್ನಲ್ಲಿನಲ್ಲಿ ದಾಟಬಹುದೆನ್ನುವ ಬಿಳಿ ಮನುಷ್ಯನ ಗುರುತು ಹೊತ್ತಿಕೊಂಡಿತ್ತು. ಸಿದ್ದರಾಜು ಬಿಳಿ ಪಟ್ಟಿಯ ಮೇಲೆ ಮೆಲ್ಲಗೆ ತುಳಿಯುತ್ತಿದ್ದ, ಚನ್ನಮ್ಮ ಎರಡು ಹೆಜ್ಜೆ ಹಿಂದೆ. ಕೆಂಪು ದೀಪದಲ್ಲೇ ಬಲಕ್ಕೆ ತಿರುಗಲು ಬೆಳ್ಳಿ ಬಣ್ಣದ ಕಾರೊಂದು ನುಗ್ಗಿತು. ಸ್ಟೀರಿಂಗ್ ಹಿಡಿದಿದ್ದ ಡಾಕ್ಟರು ಎಡದಿಂದ ಬರುವ ಕಾರುಗಳನ್ನಷ್ಟೇ ನೋಡುತ್ತಿದ್ದರು. ಕಾರನ್ನು ಮೊದಲು ಕಂಡವಳು ಚನ್ನಮ್ಮ.

"ಬುದ್ಧ್ಯೋರ ಕಾರು ಕಣ್ಲಾ, ಇಳಿ."

ಅವನು ಇಳಿದ. ಇನ್ನೆರಡು ಸುತ್ತು ಪೆಡಲ್ ತುಳಿದಿದ್ದರೆ ದಾಟಿಬಿಡುತ್ತಿದ್ದ.

ಇದನ್ನು ಅವಳು ಪೊಲೀಸರಿಗೂ ಹೇಳಿರಲಿಲ್ಲ, ಊರಿನಲ್ಲೇ ಕೂತು ಇಲ್ಲಿನ ವಕೀಲನಿಂದ ಡಾಕ್ಟರ ಮೇಲೆ ಕೇಸು ಹಾಕಿಸಿದ್ದ ಸಿದ್ದರಾಜುವಿನ ಹೆಂಡತಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ, ಕೋರ್ಟಿಗೆ ಮುಂಚಿನ ಸಾಕ್ಷಿ ಹೇಳಿಕೆಗೆ, ವಕೀಲರ ಆಫೀಸಿನ ಉದ್ದನೆಯ ಮೇಜು. ಎದುರಿಗೆ ಡಾಕ್ಟರು, ರಾಜಲಕ್ಷ್ಮಮ್ಮ, ಅವರ ಇನ್ಶೂರೆನ್ಸಿನ ವಕೀಲ. ತಮ್ಮನ ಕಡೆಯ ವಕೀಲ ಗೋಡೆ ಬದಿಗೆ. ಪಕ್ಕದಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೇಳಲು ಬಂದಿದ್ದ ಹರಿಣಿ ಎಂಬ ಬೆಂಗಳೂರಿನ ಹುಡುಗಿ. ಚನ್ನಮ್ಮ ಬಲಗೈ ಎತ್ತಿ ಪ್ರಮಾಣ ಮಾಡಿದಳು.

"ಆಂಟಿ, ಕಾರ್ ಡ್ರೈವ್ ಮಾಡ್ತಿದ್ದೋರು ಯಾರು ಅಂತ ಕೇಳ್ತಿದಾರೆ. ಫುಲ್ ನೇಮ್ ಬೇಕಂತೆ."

ಅವಳ ಮನೆತನದಲ್ಲಿ ಯಾರೂ ಆ ಹೆಸರನ್ನು ಬಾಯಿಂದ ಆಡಿದ್ದಿಲ್ಲ.

"ತ್ಯಾಗರಾಜ."

ಡಾಕ್ಟರು ಕನ್ನಡಕ ತೆಗೆದರು. ಇನ್ಶೂರೆನ್ಸಿನ ವಕೀಲ ಮುಂದಿನ ಪ್ರಶ್ನೆಗೆ ಹೋದ.

"ನಿಮ್ಮ ಬ್ರದರ್ ತಾವಾಗೇ ರೋಡ್ ಮಧ್ಯ ಸೈಕಲ್ ಇಳಿದ್ರಾ?"

ರಾಜಲಕ್ಷ್ಮಮ್ಮ ಸಣ್ಣಗೆ ಕೆಮ್ಮಿದರು.

"ಇಲ್ಲ," ಎಂದಳು ಚನ್ನಮ್ಮ. "ನಾನು ಇಳಿ ಅಂದೆ. ಇಳೀದೇ ಇದ್ರೆ ಇವ ಬಯ್ತಾನೆ ಅಂತ ಅಂದೆ. ನಮ್ಮಪ್ಪನ್ನ ಇವರಪ್ಪ ಇಳಿಸ್ದ, ನನ್ ತಮ್ಮನ್ನ ಇವ ಇಳಿಸ್ದ. ಬೋಳಿಮಗನೆ ಅಂದ. ಅದ್ನೂ ಬರಕೊಳ್ಳಲಿ."

ಹರಿಣಿ ಪೆನ್ನು ಹಿಡಿದುಕೊಂಡೇ ತಡವರಿಸಿದಳು. "ಆಂಟಿ, ಆ ವರ್ಡು…"

"ಹೇಳವ್ವ. ಅಂದವನಿಗೇ ನಾಚ್ಕೆ ಇಲ್ಲ, ನಿಂಗ್ಯಾಕೆ?"

ಹರಿಣಿ ಹೇಳಿದಳು. ಇನ್ಶೂರೆನ್ಸಿನ ವಕೀಲ ಒಂದೇ ಸಾಲು ಬರೆದು, ಅದರ ಕೆಳಗೆ ಗೆರೆ ಎಳೆದು, ಸಮಾಧಾನದಿಂದ ಹಿಂದಕ್ಕೆ ಒರಗಿದ.

ಹೊರಗೆ ಬಂದ ಮೇಲೆ ಹರಿಣಿ ಮೆಲ್ಲಗೆ ಹೇಳಿದಳು: "ಆಂಟಿ, ನೀವು ಇಳಿ ಅಂದ್ರಿ, ನಿಮ್ಮ ಬ್ರದರ್ ರೋಡ್ ಮಧ್ಯ ನಿಂತ್ರು. ಬೈದದ್ದೆಲ್ಲಾ ಬಿಟ್ಟು ಡಾಕ್ಟರ್ ಕಡೆಯವರು ಅಷ್ಟನ್ನೇ ಹಿಡ್ಕೋತಾರೆ. ಕೇಸ್ ಗೆಲ್ಲೋಕೆ ಅಷ್ಟೇ ಸಾಕಾಗ್ಬಹುದು ಅವರಿಗೆ."

"ಗೊತ್ತು ಕಣವ್ವ. ಅವನಾಗೇ ಇಳ್ದ ಅಂದಿದ್ರೂ ಅವರ್ಗೇ ಆಯ್ತಿತ್ತು."

ಪಾರ್ಕಿಂಗ್ ಜಾಗದಲ್ಲಿ ಬೆಳ್ಳಿ ಬಣ್ಣದ ಕಾರು ಆಗಲೇ ಸ್ಟಾರ್ಟ್ ಆಗಿತ್ತು. ಹೊಸ ಬಂಪರ್ ಹಾಕಿಸಿದ್ದರು. ರಾಜಲಕ್ಷ್ಮಮ್ಮ ಗಾಜು ಇಳಿಸಿದರು. "ಹತ್ತು. ಮನೆಗೆ ನಡಿ, ಹೇಳ್ತೀನಿ ನಿಂಗೆ."

ಚನ್ನಮ್ಮ ಹಿಂದಿನ ಬಾಗಿಲಿನತ್ತ ಹೋಗಲಿಲ್ಲ. ಕಾರನ್ನು ಸುತ್ತು ಹಾಕಿ ಬಂದು ಅದರ ಮುಂದೆ ನಿಂತಳು.

ಡಾಕ್ಟರು ಹಾರ್ನ್ ಮಾಡಿದರು. ಅವಳ ಕಾಲು ತಾನಾಗಿ ಬದಿಗೆ ಸರಿಯಲು ಎದ್ದಿತು. ಅದನ್ನು ಇದ್ದಲ್ಲೇ ಊರಿದಳು. ಮತ್ತೆ ಹಾರ್ನ್, ಈ ಸಲ ಉದ್ದಕ್ಕೆ. ಮೆಟ್ಟಿಲ ಮೇಲೆ ಜನ ನಿಂತು ನೋಡತೊಡಗಿದರು. ಹರಿಣಿ ಫೋನು ಕೈಗೆತ್ತಿಕೊಂಡಳು.

ಮೂರನೆಯ ಹಾರ್ನ್ ಆಗಲಿಲ್ಲ. ಕಾರು ಒಂದು ಗೇಣು ಮುಂದೆ ಬಂತು. ಅದರ ಮೂತಿಯ ಬಿಸಿ ಅವಳ ಸೀರೆಯ ನೆರಿಗೆಗೆ ತಾಗಿತು. ಚನ್ನಮ್ಮ ಗಾಜಿನಾಚೆಯ ಮುಖವನ್ನೇ ನೋಡುತ್ತಿದ್ದಳು. ಕಾರು ಇನ್ನೊಂದು ಗೇಣು ಮುಂದೆ ಬಂತು.