ದಾನೇಶ್ವರಿ ಸುಮ್ಮನಾದ ಮೇಲೆ

ತುರ್ವಿಹಾಳದ ಕಸ್ತೂರೆಮ್ಮ ಬಾಯಿ ತೆರೆದರೆ ಕಾಲುವೆ ದಂಡೆಯ ಕೊಕ್ಕರೆಗಳು ಎದ್ದು ದೂರದ ಮುಕ್ಕುಂದ ಊರಿನಲ್ಲಿ ಇಳಿಯುತ್ತಿದ್ದವು. ಅಂಥ ಬಾಯಿಯೂ ಮಗಳು ದಾನೇಶ್ವರಿಯ ಮುಂದೆ ಸೋತಿತ್ತು.

"ಯವ್ವಾ, ಗಡಿಗ್ಯಾಗ ಯಾರೋ ಬೆಳಿಗೆ ಹೊಡಿಯೋ ಎಣ್ಣಿ ಹಾಕ್ಯಾರ. ನಾ ಕುಡಿಯಂಗಿಲ್ಲ" ಎಂದು ಮಗಳು ಅಂದಾಗ ಕಸ್ತೂರೆಮ್ಮ ನಂಬಿಬಿಟ್ಟಳು. ಭತ್ತಕ್ಕೆ ಔಷಧಿ ಹೊಡೆಯುವ ಕಾಲ, ಕಾಲುವೆ ನೀರಿಗೆ ಸೇರಿರಬಹುದು ಎಂದುಕೊಂಡು ನೂರು ಗಡಿಗೆ ನೀರು ಚೆಲ್ಲಿದಳು. ಫಿಲ್ಟರ್ ನೀರಿನ ಕ್ಯಾನು ತರಿಸಿದಳು. ಮಗಳು ಅದನ್ನೂ ಮುಟ್ಟಲಿಲ್ಲ.

"ಗ್ವಾಡಿ ಒಳಗಿಂದ ಒಬ್ಬಾಕಿ ಕುಡಿಬ್ಯಾಡ ಅನ್ನಾಕತ್ಯಾಳ."

ಗೋಡೆಯ ಆಚೆ ಇದ್ದದ್ದು ಎಮ್ಮೆ ಒಂದೇ.

ಆಮೇಲೆ ದಾನೇಶ್ವರಿ ಸುಮ್ಮನಾದಳು. ತಲೆ ಬಾಚಲಿಲ್ಲ, ಮೈ ತೊಳೆಯಲಿಲ್ಲ, ಮೂಲೆ ಬಿಟ್ಟು ಏಳಲಿಲ್ಲ. ಒತ್ತಾಯಕ್ಕೆ ಕುಡಿಯುತ್ತಿದ್ದ ಗುಟುಕು ನೀರೂ ಹಿಂದಿನ ದಿನದಿಂದ ಗಂಟಲಿಗೆ ಇಳಿದಿರಲಿಲ್ಲ.

ಆಶಾ ಕಾರ್ಯಕರ್ತೆ ಶಾಹೀನ್ ವಿಚಾರಿಸಲು ಬಂದಳು.

"ಈಗ ಆರಾಮದಾಳ ಬಿಡವ್ವ" ಎಂದಳು ಕಸ್ತೂರೆಮ್ಮ. "ಗ್ವಾಡಿ ಸುದ್ದಿ ಎತ್ತವಲ್ಲಳು. ಬರೇ ಮೈಗಳ್ಳತನ ಉಳದೈತಿ."

"ಹಂಗನಬ್ಯಾಡ್ರಿ ಅತ್ತಿ, ಇದೂ ಅದೇ ಜಡ್ಡು."

"ಸುಮ್ನ ಕುಂದ್ರೋದು ಜಡ್ಡೇನ? ಹಂಗಾರ ನಿಮ್ಮ ಮಾವಗ ಮದಿವ್ಯಾದಾಗಿಂದ ಐತಿ!" ಎಂದು ಕಸ್ತೂರೆಮ್ಮ ಗಂಡನತ್ತ ಕೈ ತೋರಿದಳು.

ಶಾಹೀನ್ ನಕ್ಕಳು. "ಮಾವ ಮೊದಲಿಂದ ಹಂಗ. ಇಕಿ ಹಂಗಿದ್ಲೇನ್ರಿ? ನಾಟಿಗೆ ಹಾಡ್ಕೊಂತ ಎಲ್ಲಾರ ಮುಂದ ಇರ್ತಿದ್ಲು. ಈ ಜಡ್ಡು ಬಾಳ ನಮೂನಿ ಕಾಣ್ತೈತ್ರಿ. ಇಲ್ಲದ ದನಿ ಕೇಳ್ಸೋದು, ಆಗದ್ದು ಖರೇ ಅನ್ಸೋದು ಒಂದು ನಮೂನಿ. ಮಾತಿಗೆ ಮಾತು ಕೂಡದಂಗ ಆಡೋದು ಇನ್ನೊಂದು. ಹುರುಪು, ನಗಿ, ಮಂದಿ ಹಂತ್ಯಾಕ ಹೋಗೋ ಮನಸು ಬತ್ತೋದು ಮತ್ತೊಂದು. ಕೆಲವ್ರಿಗೆ ಲಕ್ಷ್ಯನ ನಿಲ್ಲಂಗಿಲ್ಲ."

"ಯಾರರ ಮಾಟ ಮಾಡಿಸ್ಯಾರೇನಬೇ?"

"ಯಾರ ತಪ್ಪೂ ಅಲ್ರಿ. ನೀರಿಲ್ಲದ ಎಷ್ಟೊತ್ತು ಇರ್ತಾಳ? ಅಕಿ ತುಟಿ ನೋಡ್ರಿ."

ಕಸ್ತೂರೆಮ್ಮ ನೋಡಿದಳು. ಒಡೆದ ತುಟಿ, ಎತ್ತಲೋ ನೆಟ್ಟ ಕಣ್ಣು. "ಬಸ್ಸಿಗೆ ಕಾಯೋದು ಬ್ಯಾಡ, ಆಟೋ ಕರಿ" ಎಂದಳು.

ಸಿಂಧನೂರಿನ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಮನಸ್ಸಿನ ಡಾಕ್ಟರು ಗುಳಿಗೆ ಬರೆದರು. ಕೆಲವು ವಾರಗಳಲ್ಲಿ ಗೋಡೆಯ ದನಿ ತಗ್ಗಿತು. ಹುರುಪು ಮಾತ್ರ ಆಮೆಯ ನಡಿಗೆಯಲ್ಲಿ ಬಂತು. ಕಸ್ತೂರೆಮ್ಮ ಬೈಯುವುದನ್ನೇ ಬಿಟ್ಟಳು. ಇವಳಿಗೇನಾಯಿತೋ ಎಂದು ಅರ್ಧ ಊರು ಗಾಬರಿಯಾಯಿತು.

ಒಂದು ಮಧ್ಯಾಹ್ನ ದಾನೇಶ್ವರಿ ತಾನಾಗಿ ಮಾತಾಡಿದಳು. "ಯವ್ವಾ, ಸಾರು ಉಪ್ಪಾಗೈತಿ."

ಗಂಡ ಹಾಗಂದಿದ್ದರೆ ಸೌಟು ಹಾರುತ್ತಿತ್ತು. ಮಗಳಂದದ್ದಕ್ಕೆ ಕಣ್ಣು ತುಂಬಿ ಬಂತು.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಇಲ್ಲದ ದನಿ ಕೇಳುತ್ತಿದೆಯೇ? ನಗುನಗುತ್ತಾ ಇದ್ದವರು ಮೂಲೆ ಹಿಡಿದಿದ್ದಾರೆಯೇ? ಬೈಯಬೇಡಿ, ಕಟ್ಟಿಹಾಕಬೇಡಿ, ಸರ್ಕಾರಿ ದವಾಖಾನೆಗೆ ಕರೆದೊಯ್ಯಿರಿ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಪೈಸೆ ಖರ್ಚಿಲ್ಲ. ದನಿ ನಿಂತಿತೆಂದು ನೀವೇ ಗುಳಿಗೆ ನಿಲ್ಲಿಸಬೇಡಿ. ಗದ್ದಲ ಮಾಡುವವರನ್ನು ಊರೇ ನೋಡುತ್ತದೆ. ಸುಮ್ಮನೆ ಕುಳಿತವರನ್ನು ನೀವು ನೋಡಿ.